ಎಕ್ಸೋಸೋಮ್ ಲೇಖನ ಈಗಿರೋ ಹಾಗೆ ಹಾಕೋಕಾಗಲ್ಲ, ಯಾಕೆ ಅಂತ ಹೇಳ್ತೀನಿ

ನಮಸ್ಕಾರ,

ಎಕ್ಸೋಸೋಮ್ ಅಂದ್ರೆ ಜೀವಕೋಶಗಳು ಹೊರಗೆ ಬಿಡೋ ತೀರಾ ಸಣ್ಣ ಪೊರೆಚೀಲ. ಅದರ ಬಗ್ಗೆ ನೀವು ಕಳಿಸಿದ ‘ದೇಹದೊಳಗಿನ ಪೋಸ್ಟ್‌ಮ್ಯಾನ್‌ಗಳು’ ಲೇಖನ ಪೂರ್ತಿ ಓದಿದೆ. ಭಾಷೆ ಸರಾಗವಾಗಿದೆ, ಓದಿಸ್ಕೊಂಡು ಹೋಗುತ್ತೆ. ನನಗೆ ಭಯ ಆಗಿದ್ದೂ ಅದಕ್ಕೇ, ಯಾಕಂದ್ರೆ ಕೊನೇ ಭಾಗದಲ್ಲಿ ಮಂಡಿನೋವು, ಕೂದಲು ಉದುರೋದು, ಪಾರ್ಕಿನ್ಸನ್ಸ್, ಕ್ಯಾನ್ಸರ್ ಎಲ್ಲದಕ್ಕೂ ಎಕ್ಸೋಸೋಮ್ ಮದ್ದು ಅಂತ ಬರೆದುಬಿಟ್ಟಿದ್ದೀರಿ. ಇಷ್ಟು ಚೆನ್ನಾಗಿ ಬರೆದ್ರೆ ಓದಿದವ್ರು ನಂಬ್ತಾರೆ, ನಂಬಿ ದುಡ್ಡು ಕಟ್ಟಿ ಇಂಜೆಕ್ಷನ್ ತಗೊಳ್ಳೋಕೆ ಹೋಗ್ತಾರೆ. 2019ರ ಡಿಸೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದರ ಬಗ್ಗೆನೇ ಜನರಿಗೆ ಎಚ್ಚರಿಕೆ ಕೊಡ್ತು. ಎಕ್ಸೋಸೋಮ್ ಇದೆ ಅಂತ ಹೇಳಿ ಮಾರ್ತಿದ್ದ, ಅನುಮತಿನೇ ಇಲ್ಲದ ಉತ್ಪನ್ನ ತಗೊಂಡು ಅಲ್ಲಿನ ನೆಬ್ರಾಸ್ಕಾ ರಾಜ್ಯದಲ್ಲಿ ಹಲವು ರೋಗಿಗಳಿಗೆ ಗಂಭೀರ ತೊಂದರೆ ಆಗಿತ್ತು, ಅನುಮತಿ ಪಡೆದ ಎಕ್ಸೋಸೋಮ್ ಉತ್ಪನ್ನ ಒಂದೂ ಇಲ್ಲ ಅಂತ ಅದರಲ್ಲೇ ಸ್ಪಷ್ಟವಾಗಿ ಹೇಳಿದ್ರು. ನಿಮ್ಮ ಲೇಖನದಲ್ಲಿ ಇದರ ಸುಳಿವೇ ಇಲ್ಲ.

2013ರ ನೊಬೆಲ್ ಎಕ್ಸೋಸೋಮ್‌ಗೆ ಬಂತು ಅಂತ ಶುರು ಮಾಡಿದ್ದೀರಿ, ಅದು ತಪ್ಪು. ರೋಥ್‌ಮನ್, ಶೆಕ್‌ಮನ್, ಸುಡಾಫ್ ಅವರಿಗೆ ಬಂದಿದ್ದು ಜೀವಕೋಶದ ಒಳಗೆ ವೆಸಿಕಲ್‌ಗಳು (ಪೊರೆಯಿಂದಾದ ಸಣ್ಣ ಚೀಲಗಳು) ಸರಕು ಸಾಗಿಸೋ ವ್ಯವಸ್ಥೆ ಕಂಡುಹಿಡಿದಿದ್ದಕ್ಕೆ. ನಿಮಗೆ ಒಳ್ಳೆ ಆರಂಭ ಬೇಕಾದ್ರೆ 1983ಕ್ಕೆ ಹೋಗಿ. ಮಾಂಟ್ರಿಯಲ್‌ನಲ್ಲಿ ರೋಸ್ ಜಾನ್‌ಸ್ಟೋನ್ ತಂಡ, ಸೇಂಟ್ ಲೂಯಿಸ್‌ನಲ್ಲಿ ಫಿಲಿಪ್ ಸ್ಟಾಲ್ ತಂಡ, ಇಬ್ಬರೂ ಬೇರೆಬೇರೆಯಾಗಿ ಇನ್ನೂ ಬಲಿಯದ ಕೆಂಪು ರಕ್ತಕಣಗಳನ್ನ ನೋಡ್ತಿದ್ರು. ಹಿಮೋಗ್ಲೋಬಿನ್ ಮಾಡೋಕೆ ಕಬ್ಬಿಣ ಬೇಕು, ಅದನ್ನ ಒಳಗೆ ತಗೊಳ್ಳೋಕೆ ಟ್ರಾನ್ಸ್‌ಫೆರಿನ್ ರಿಸೆಪ್ಟರ್ ಅನ್ನೋ, ಕೋಶದ ಮೇಲಿನ ಪ್ರೋಟೀನ್ ಬೇಕು, ಕಣ ಬಲಿತ ಮೇಲೆ ಆ ರಿಸೆಪ್ಟರ್ ಬೇಡ, ಹಾಗಿದ್ರೆ ಅದು ಎಲ್ಲಿಗೆ ಹೋಗುತ್ತೆ? ಕೋಶ ಅದನ್ನ ಒಳಗಿನ ಒಂದು ಚೀಲದಲ್ಲಿ ಸಣ್ಣಸಣ್ಣ ವೆಸಿಕಲ್‌ಗಳಾಗಿ ಕಟ್ಟಿ, ಆ ಚೀಲವನ್ನ ಹೊರಪೊರೆಗೆ ಬೆಸೆದು, ಆಚೆ ಬಿಟ್ಟುಬಿಡ್ತಿತ್ತು. ತುಂಬಾ ವರ್ಷ ಇದು ಬೇಡದ್ದನ್ನ ಹೊರಹಾಕೋ ದಾರಿ ಅಷ್ಟೇ ಅಂದ್ಕೊಂಡಿದ್ರು. 1996ರಲ್ಲಿ ರೋಗನಿರೋಧಕ ವ್ಯವಸ್ಥೆಯ ಬಿ ಕೋಶಗಳು ಬಿಟ್ಟ ವೆಸಿಕಲ್‌ಗಳು ಅದೇ ವ್ಯವಸ್ಥೆಯ ಟಿ ಕೋಶಗಳನ್ನ ಕೆರಳಿಸ್ತವೆ ಅಂತ ಗೊತ್ತಾಯ್ತು. 2007ರಲ್ಲಿ ಇಲಿಯ ಮಾಸ್ಟ್ ಕೋಶದ (ಅಲರ್ಜಿಯಲ್ಲಿ ಪಾತ್ರ ಇರೋ ರೋಗನಿರೋಧಕ ಕೋಶ) ಎಕ್ಸೋಸೋಮ್‌ಗಳನ್ನ ಮನುಷ್ಯರ ಮಾಸ್ಟ್ ಕೋಶಕ್ಕೆ ಕೊಟ್ಟು ನೋಡಿದ್ರೆ, ಆ ಮನುಷ್ಯರ ಕೋಶದೊಳಗೆ ಇಲಿಯ ಪ್ರೋಟೀನ್ ಸಿಕ್ತು, ಅಂದ್ರೆ ವೆಸಿಕಲ್ ಹೊತ್ತುಕೊಂಡು ಹೋದ, ಪ್ರೋಟೀನ್ ಮಾಡೋ ಸೂಚನೆ ಇರೋ ಆರ್‌ಎನ್‌ಎ ಅಲ್ಲಿ ಕೆಲಸ ಮಾಡಿತ್ತು. ಇಂಥದ್ದನ್ನೆಲ್ಲ ಬಿಟ್ಟು ‘ಅದ್ಭುತ’ ಅನ್ನೋ ಪದ ಸಾಲುಸಾಲಿಗೆ ಯಾಕೆ?

ಪೋಸ್ಟ್‌ಮ್ಯಾನ್ ಹೋಲಿಕೆ ಬಗ್ಗೆ ಒಂದು ಮಾತು. ಪೋಸ್ಟ್‌ಮ್ಯಾನ್ ವಿಳಾಸ ನೋಡಿ ಸರಿಯಾದ ಮನೆಗೇ ಕೊಡ್ತಾನೆ. ಆದ್ರೆ ಪ್ರಾಣಿಗಳ ರಕ್ತನಾಳಕ್ಕೆ ಚುಚ್ಚಿದ ವೆಸಿಕಲ್‌ಗಳಲ್ಲಿ ಬಹುಪಾಲು ಕೆಲವೇ ನಿಮಿಷದಲ್ಲಿ ರಕ್ತದಿಂದ ಮಾಯ ಆಗಿ ಯಕೃತ್ತು, ಗುಲ್ಮ ಸೇರ್ಕೊಳ್ತವೆ. ಮಿದುಳಿಗೋ ಮಂಡಿಗೋ ಔಷಧ ತಲುಪಿಸೋದು ಕಷ್ಟ ಆಗಿರೋದಕ್ಕೆ ಇದೂ ಒಂದು ಕಾರಣ. ವಿಳಾಸ ಅನ್ನೋದು ಇಲ್ವೇ ಇಲ್ಲ ಅಂತಲ್ಲ, ಗಡ್ಡೆಯಿಂದ ಬರೋ ವೆಸಿಕಲ್ ಮೇಲೆ ಯಾವ ಇಂಟೆಗ್ರಿನ್ (ಅಂಟಿಕೊಳ್ಳೋಕೆ ನೆರವಾಗೋ ಪ್ರೋಟೀನ್) ಇದೆ ಅನ್ನೋದರ ಮೇಲೆ ಅದು ಶ್ವಾಸಕೋಶಕ್ಕೆ ಹೋಗುತ್ತೋ ಯಕೃತ್ತಿಗೆ ಹೋಗುತ್ತೋ ಅಂತ 2015ರಲ್ಲಿ ತೋರಿಸಿದ್ದಾರೆ, ಆದ್ರೆ ಅಲ್ಲಿ ಅವು ಮಾಡೋ ಕೆಲಸ ಕ್ಯಾನ್ಸರ್ ಹರಡೋಕೆ ಜಾಗ ಸಿದ್ಧ ಮಾಡೋದು. ಈ ಕೆಟ್ಟ ಮುಖ ನಿಮ್ಮ ಲೇಖನದಲ್ಲಿ ಬರಲೇಬೇಕು.

ಇನ್ನು ಎಲ್ಲಾ ವೆಸಿಕಲ್‌ಗೂ ಎಕ್ಸೋಸೋಮ್ ಅಂತ ಬರೀಬೇಡಿ. ಮೇಲೆ ಹೇಳಿದ ಹಾಗೆ ಒಳಚೀಲದಿಂದ ಬಂದಿದ್ದು ಎಕ್ಸೋಸೋಮ್, ಸುಮಾರು 30ರಿಂದ 150 ನ್ಯಾನೋಮೀಟರ್. ಹೊರಪೊರೆಯೇ ಉಬ್ಬಿ ಕಿತ್ಕೊಂಡು ಬಂದಿದ್ದು ಬೇರೆ, ಅದರಲ್ಲೂ ಸಣ್ಣವು ಇದೇ ಗಾತ್ರದಲ್ಲಿ ಇರ್ತವೆ, ಹಾಗಾಗಿ ಗಾತ್ರ ನೋಡಿ ಹುಟ್ಟು ಹೇಳೋಕಾಗಲ್ಲ. ಅದಕ್ಕಿಂತ ದೊಡ್ಡ ತಲೆನೋವು ಅಂದ್ರೆ ರಕ್ತದ ದ್ರವ ಭಾಗವಾದ ಪ್ಲಾಸ್ಮಾದಲ್ಲಿ ಇವುಗಳಿಗಿಂತ ಎಷ್ಟೋ ಪಟ್ಟು ಹೆಚ್ಚು ಲಿಪೋಪ್ರೋಟೀನ್ (ಕೊಬ್ಬು ಸಾಗಿಸೋ ಕಣ) ಇರುತ್ತೆ, ಕೆಲವು ಗಾತ್ರದಲ್ಲಿ ಹೋಲ್ತವೆ, ಕೆಲವು ಸಾಂದ್ರತೆಯಲ್ಲಿ, ಕಣ ಎಣಿಸೋ ಮಷೀನ್‌ಗೆ ಎರಡೂ ಒಂದೇ. ಬಾಟಲಿ ಮೇಲೆ ‘ಇಷ್ಟು ಕೋಟಿ ಎಕ್ಸೋಸೋಮ್’ ಅಂತ ಬರೆದಿದ್ರೆ ಓದುಗರು ಮೊದಲು ಕೇಳಬೇಕಾದ್ದು ಇವು ನಿಜವಾಗ್ಲೂ ವೆಸಿಕಲ್‌ಗಳೇನಾ ಅಂತ. ಆ ಪ್ರಶ್ನೆ ಕೇಳೋ ಶಕ್ತಿ ನಿಮ್ಮ ಲೇಖನ ಅವರಿಗೆ ಕೊಡಲಿ, ನನಗೆ ನಿಮ್ಮಿಂದ ಮುಖ್ಯವಾಗಿ ಬೇಕಿರೋದು ಅದು.

ವೆಸಿಕಲ್‌ಗಳ ವಿಷಯದಲ್ಲಿ ನಿಜವಾಗ್ಲೂ ಬಳಕೆಯಲ್ಲಿರೋ ಎರಡು ಸಂಗತಿ ಬಿಟ್ಟಿದ್ದೀರಿ ಅನ್ನೋದು ಬೇಜಾರು. ಮಿದುಳುಪೊರೆಯ ಉರಿಯೂತ ತರೋ ಮೆನಿಂಗೋಕಾಕಸ್ ಬಿ ಬ್ಯಾಕ್ಟೀರಿಯಾ ವಿರುದ್ಧದ ಬೆಕ್ಸೆರೋ ಲಸಿಕೆಯಲ್ಲಿ ಆ ಬ್ಯಾಕ್ಟೀರಿಯಾದ ಹೊರಪೊರೆಯ ವೆಸಿಕಲ್‌ಗಳೇ ಇವೆ, ಯುರೋಪ್‌ನಲ್ಲಿ 2013ರಲ್ಲೇ ಅನುಮತಿ ಸಿಕ್ಕಿದೆ. ಇನ್ನೊಂದು ಪ್ರಾಸ್ಟೇಟ್‌ಗೆ ಸಂಬಂಧಪಟ್ಟ ಮೂತ್ರ ಪರೀಕ್ಷೆ, ವೆಸಿಕಲ್‌ನಲ್ಲಿರೋ ಮೂರು ಜೀನ್‌ಗಳ ಆರ್‌ಎನ್‌ಎ ನೋಡಿ ಬಯಾಪ್ಸಿ (ಅಂಗಾಂಶದ ತುಣುಕು ತೆಗೆದು ಪರೀಕ್ಷಿಸೋದು) ಬೇಕಾ ಬೇಡ್ವಾ ಅಂತ ತೀರ್ಮಾನಿಸೋಕೆ ಸಹಾಯ ಮಾಡುತ್ತೆ. ಆ ಪರೀಕ್ಷೆನೇ ಕ್ಯಾನ್ಸರ್ ಇದೆ ಅಂತ ಹೇಳಿಬಿಡುತ್ತೆ ಅಂತ ಮಾತ್ರ ಬರೀಬೇಡಿ.

ಕೊನೇ ಭಾಗ ಪೂರ್ತಿ ತೆಗೆದು, ಆ ಜಾಗದಲ್ಲಿ ಈ ಎರಡನ್ನ ವಿವರವಾಗಿ ಬರೆದು ಮತ್ತೆ ಕಳಿಸಿ, ಖಂಡಿತ ಓದ್ತೀನಿ. ಚಿತ್ರದಲ್ಲಿ ವೆಸಿಕಲ್ ಕೆಂಪು ರಕ್ತಕಣದ ಅರ್ಧದಷ್ಟು ಕಾಣ್ತಿದೆ, 100 ನ್ಯಾನೋಮೀಟರ್ ಅಂದ್ರೆ ಕಣದ ಅಗಲದಲ್ಲಿ ಎಪ್ಪತ್ತರಲ್ಲಿ ಒಂದು ಪಾಲು, ಅದನ್ನೂ ಸರಿ ಮಾಡಿಸಿ.