ಮುಯ್ಯಿ ಪುಸ್ತಕ ಮುಚ್ಚಿಡಿ

ಸಹೋದರಿ,

ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಓದುಗರಿಗಾಗಿ ನಿಮ್ಮ ಪತ್ರದ ಸಾರವನ್ನಷ್ಟೇ ಹೇಳುತ್ತೇನೆ. ಈಸ್ಟರ್‌ಗೆ ಮುಂಚಿನ ಉಪವಾಸ ಕಾಲವಾದ ಲೆಂಟಿನ 40 ದಿನವೂ ಒಪ್ಪೊತ್ತು ಇದ್ದಿರಿ. ಶುಭ ಶುಕ್ರವಾರದ ಆರಾಧನೆಗೆ ಯಾರು ಯಾವ ವಾಕ್ಯ ಓದಬೇಕೆಂಬುದರಿಂದ ಹಿಡಿದು ಚಾಪೆ ಹಾಸುವವರೆಗೆ ಎಲ್ಲ ನಿಮ್ಮದೇ ಉಸ್ತುವಾರಿ. ಈಸ್ಟರ್ ಬೆಳಗ್ಗೆ ಹಾಡಿದಿರಿ. ಸೋಮವಾರ ಏಳುವಾಗ ಎದೆ ಖಾಲಿ. “ಇಷ್ಟು ದೊಡ್ಡ ಕೃಪೆಗೆ ನಾನೇನು ತೀರಿಸಿದೆ?” ಎಂಬ ಕೊರಗು. ಜೊತೆಗೆ ಪುಣೆಗೆ ಕೆಲಸಕ್ಕೆ ಹೋದ ಮಗನ ಚಿಂತೆ, ದಿನಕ್ಕೆ ಮೂರು ಫೋನು. ಸಭಾಪಾಲಕರು “ಎಲ್ಲ ದೇವರ ಕೈಗೆ ಬಿಟ್ಟುಬಿಡಿ” ಅಂದರಂತೆ. “ಬಿಡುವುದು ಹೇಗೆ ಅಂತ ಮಾತ್ರ ಯಾರೂ ಹೇಳುವುದಿಲ್ಲ” ಎಂದು ಬರೆದಿದ್ದೀರಿ.

‘ತೀರಿಸು’ ಎಂಬ ಮಾತಿನ ಹತ್ತಿರ ನಾನು ನಿಂತುಬಿಟ್ಟೆ. ಮದುವೆ ಮನೆಯಲ್ಲಿ ಒಬ್ಬರು ನೋಟ್‌ಬುಕ್ ಹಿಡಿದು ಕೂತಿರುತ್ತಾರಲ್ಲ, ಯಾರು ಎಷ್ಟು ಮುಯ್ಯಿ ಹಾಕಿದರೆಂದು ಬರೆಯಲು? 101 ಹಾಕಿದವರ ಮನೆಗೆ ನಾಳೆ 101 ಆದರೂ ಹಿಂತಿರುಗಬೇಕು. ಒಳ್ಳೆಯ ಪದ್ಧತಿಯೇ, ಎಷ್ಟೋ ಬಡವರ ಮದುವೆಗಳು ಅದರಿಂದ ನಡೆದಿವೆ. ತೊಂದರೆ ಏನೆಂದರೆ, ಆ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡೇ ನಾವು ದೇವಾಲಯಕ್ಕೂ ಬರುತ್ತೇವೆ.

ಯೋಹಾನನ ಸುವಾರ್ತೆಯ 21ನೇ ಅಧ್ಯಾಯ ತೆರೆಯಿರಿ. ಯೇಸುವಿನ ಪುನರುತ್ಥಾನ ಆಗಿದೆ, ಶಿಷ್ಯರು ಕಣ್ಣಾರೆ ಕಂಡೂ ಆಗಿದೆ. ಆದರೂ ಪೇತ್ರ “ಮೀನು ಹಿಡಿಯೋಕೆ ಹೋಗ್ತೀನಿ” ಎಂದು ಎದ್ದ. ನಿಮ್ಮ ಸೋಮವಾರ ಅವನಿಗೂ ಬಂದಿತ್ತೇನೋ. ಏಳು ಜನ ರಾತ್ರಿಯಿಡೀ ಒದ್ದಾಡಿದರೂ ಒಂದು ಮೀನಿಲ್ಲ. ಬೆಳಗಾಗುವಾಗ ದಡದಲ್ಲಿ ನಿಂತವನ ಮಾತು ಕೇಳಿ ಬಲಗಡೆ ಬಲೆ ಬೀಸಿದರೆ 153 ದೊಡ್ಡ ಮೀನು. ಎಣಿಸಿದ್ದಾರೆ ನೋಡಿ! ಎದ್ದುಬಂದ ಕರ್ತನೇ ಎದುರಿಗಿದ್ದರೂ ಬೆಸ್ತರು ಬೆಸ್ತರೇ.

ದಡ ಹತ್ತಿದಾಗ ಅಲ್ಲಿ ಆಗಲೇ ಇದ್ದಲ ಬೆಂಕಿ, ಅದರ ಮೇಲೆ ಮೀನು, ಜೊತೆಗೆ ರೊಟ್ಟಿ. ಇವರ ಬಲೆ ದಡ ಸೇರುವ ಮೊದಲೇ ತಿಂಡಿ ಸಿದ್ಧ. ಆಮೇಲೆ ಯೇಸು, ನೀವು ಈಗ ಹಿಡಿದದ್ದರಲ್ಲೂ ಕೆಲವು ತನ್ನಿ ಎನ್ನುತ್ತಾನೆ. ಬೇಕಾಗಿರಲಿಲ್ಲ, ಆದರೂ ಕೇಳಿದ. ನಿಮ್ಮ ಒಪ್ಪೊತ್ತು, ಚಾಪೆ, ವಾಕ್ಯದ ಪಟ್ಟಿ ಎಲ್ಲ ಆ ಬಲೆಯಿಂದ ತಂದ ಮೀನು. ಸಂತೋಷವಾಗಿ ತನ್ನಿ. ಒಲೆ ಹಚ್ಚಿದವನು ಬೇರೆ.

ಇನ್ನೊಂದು ಮಾತು. ‘ಇದ್ದಲ ಬೆಂಕಿ’ಗೆ ಮೂಲ ಗ್ರೀಕಿನಲ್ಲಿರುವ ಪದ ಇಡೀ ಹೊಸ ಒಡಂಬಡಿಕೆಯಲ್ಲಿ ಬರುವುದು ಎರಡೇ ಕಡೆ. ಒಂದು ಇಲ್ಲಿ. ಇನ್ನೊಂದು, ಯೇಸು ಸೆರೆಸಿಕ್ಕ ರಾತ್ರಿ ಮಹಾಯಾಜಕನ ಅಂಗಳದಲ್ಲಿ, ಪೇತ್ರ ಚಳಿ ಕಾಯಿಸಿಕೊಳ್ಳುತ್ತ ಅವನ ಶಿಷ್ಯ “ನಾನಲ್ಲ” ಎಂದ ಕಡೆ. ಅಲ್ಲಿ ಮೂರು ಸಲ ಅಲ್ಲಗಳೆದವನಿಗೆ ಇಲ್ಲಿ ಮೂರು ಸಲ “ನನ್ನನ್ನು ಪ್ರೀತಿಸುತ್ತೀಯಾ?” ಹಳೇ ಬಾಕಿಯ ಸುದ್ದಿಯೇ ಇಲ್ಲ. ನನ್ನ ಕುರಿ ಮೇಯಿಸು, ಅಂದರೆ ನನ್ನ ಜನರನ್ನು ನೋಡಿಕೋ, ಎಂದ, ಅದೂ ಹೊಟ್ಟೆ ತುಂಬಿಸಿದ ಮೇಲೆ.

ಇನ್ನು ಬಿಡುವ ವಿಷಯ. ಪ್ರಾಯದಲ್ಲಿ ನೀನೇ ನಡು ಕಟ್ಟಿಕೊಂಡು ಇಷ್ಟಬಂದಲ್ಲಿ ತಿರುಗುತ್ತಿದ್ದೆ, ಮುಪ್ಪಿನಲ್ಲಿ ನೀನು ಕೈ ಚಾಚುವೆ, ಬೇರೊಬ್ಬನು ನಿನ್ನ ನಡು ಕಟ್ಟಿ ನಿನಗೆ ಇಷ್ಟವಿಲ್ಲದ ಕಡೆ ಒಯ್ಯುವನು ಎಂದು ಪೇತ್ರನಿಗೆ ಅಲ್ಲೇ ಹೇಳಲಾಯಿತು. ಅದು ಅವನ ಸಾವಿನ ಸೂಚನೆ ಎಂದು ಯೋಹಾನನೇ ಬರೆದಿದ್ದಾನೆ. ನನಗೆ ಮಾತ್ರ ಅಲ್ಲಿ ನಮ್ಮಮ್ಮ ಕಾಣುತ್ತಾಳೆ. ಕೊನೆಯ ವರ್ಷಗಳಲ್ಲಿ ಸೀರೆಯ ನೆರಿಗೆ ಹಿಡಿಯಲು ಬೆರಳು ಬಗ್ಗುತ್ತಿರಲಿಲ್ಲ. ನನ್ನ ಹೆಂಡತಿ ಹತ್ತಿರ ಹೋದರೆ “ನಂಗೆ ಬರುತ್ತೆ, ಬಿಡು” ಎಂದು ಗದರುವಳು. ಅರ್ಧ ಗಂಟೆ ಹೆಣಗುವಳು, ನೆರಿಗೆ ಜಾರುವುದು, ಮತ್ತೆ ಮೊದಲಿಂದ. ಒಂದು ಭಾನುವಾರ, ದೇವಾಲಯದ ಮೊದಲ ಗಂಟೆ ಹೊಡೆದಾಗಿತ್ತು, ಸೊಸೆಯ ಮುಂದೆ ಬಂದು ಸುಮ್ಮನೆ ಎರಡೂ ಕೈ ಅಗಲಿಸಿ ನಿಂತಳು. ಉಟ್ಟಾದ ಮೇಲೆ, ನೆರಿಗೆ ಓರೆ ಅಂತ ತಕರಾರನ್ನೂ ತೆಗೆದಳು. ಸಭಾಪಾಲಕರ ಮಾತಿಗೆ ನಾನು ಸೇರಿಸಬಲ್ಲದ್ದು ಇಷ್ಟೇ: ಕೈ ಚಾಚಿದ ಮೇಲೂ ತಕರಾರು ಮಾಡಬಹುದು.

ಮಗನ ವಿಷಯಕ್ಕೆ ಬಂದರೆ, ಪೇತ್ರನೂ ಹಿಂದೆ ಬರುತ್ತಿದ್ದ ಇನ್ನೊಬ್ಬ ಶಿಷ್ಯನನ್ನು ನೋಡಿ “ಇವನ ಗತಿ ಏನು?” ಎಂದು ಕೇಳಿದ್ದ. ಸಿಕ್ಕ ಉತ್ತರ ಸ್ವಲ್ಪ ಖಾರವೇ: ಅದು ನಿನಗೇಕೆ, ನೀನು ನನ್ನ ಹಿಂದೆ ಬಾ. ಹೆತ್ತ ತಾಯಿಗೆ ಅಷ್ಟು ಖಡಕ್ಕಾಗಿ ಹೇಳುವ ಧೈರ್ಯ ನನಗಿಲ್ಲ. ಮೂರು ಫೋನನ್ನು ಒಂದಕ್ಕೆ ಇಳಿಸಿ ನೋಡಿ, ಅದೂ ರಾತ್ರಿ ಅವನ ಊಟವಾದ ಮೇಲೆ. ಈಸ್ಟರಿನಿಂದ ಐವತ್ತನೇ ದಿನವಾದ ಪಂಚಾಶತ್ತಮದವರೆಗೂ ಈಸ್ಟರ್ ಕಾಲವೇ, ಅವಸರವಿಲ್ಲ. ಏನಾಯಿತೆಂದು ಬರೆಯಿರಿ. ಆ ಪತ್ರಕ್ಕೂ ಹೆಸರು ಹಾಕುವುದಿಲ್ಲ.

– ಸಂಪಾದಕ