ಸಾವೊ ಪಾಲೊಗೆ ಬರಲೋ ಬೇಡವೋ ಎಂದವರಿಗೆ

ಧಾರವಾಡದಲ್ಲಿ ಇತಿಹಾಸದ ಪಿಎಚ್‌ಡಿ ಮುಗಿಸಿದ್ದೀರಿ, ಬ್ರೆಜಿಲ್‌ನ ಸಾವೊ ಪಾಲೊದಲ್ಲಿ ಎರಡು ವರ್ಷ ಪಾಠ ಮಾಡುವ ಕೆಲಸ ಸಿಕ್ಕಿದೆ, ಹೋಗಲೋ ಬೇಡವೋ ಎಂದು ಕೇಳಿದ್ದೀರಿ. ಅಷ್ಟು ದೂರ ಹೋದರೆ ಅರ್ಧಕ್ಕೆ ನಿಂತ ಪುಸ್ತಕದ ಗತಿ ಏನು ಎನ್ನುವುದೇ ನಿಮ್ಮ ದೊಡ್ಡ ಚಿಂತೆ. ಅಣ್ಣಾ ಎಂದು ಕರೆದಿದ್ದೀರಿ, ಹಾಗಾಗಿ ಸಲುಗೆಯಿಂದಲೇ ಹೇಳುತ್ತೇನೆ. ನಾನೂ 17 ವರ್ಷದ ಹಿಂದೆ ಎರಡೇ ವರ್ಷಕ್ಕೆ ಅಂತ ಬಂದವನು.

ಪುಸ್ತಕದ ಚಿಂತೆಗೆ ನನ್ನ ಕತೆಗಿಂತ ಬ್ರೋದೆಲ್ ಕತೆ ವಾಸಿ. ಫರ್ನಾಂ ಬ್ರೋದೆಲ್, ಮೆಡಿಟರೇನಿಯನ್ ಸಮುದ್ರದ ಮೇಲೆ ಆ ದಪ್ಪ ಪುಸ್ತಕ ಬರೆದ ಫ್ರೆಂಚ್ ಇತಿಹಾಸಕಾರ. ಆತ ಎಷ್ಟು ವರ್ಷ ಊರು ಬಿಟ್ಟು ಮೇಷ್ಟರಿಕೆ ಮಾಡಿದ ಅಂತ ನಮಗೆ ಕ್ಲಾಸಿನಲ್ಲಿ ಯಾರೂ ಹೇಳಲಿಲ್ಲ. 1902ರಲ್ಲಿ ಲೊರೇನ್ ಸೀಮೆಯ ಹಳ್ಳಿಯೊಂದರಲ್ಲಿ ಹುಟ್ಟಿ, ಅಜ್ಜಿಯ ಹತ್ತಿರ ಬೆಳೆದವನು. 1923ರಲ್ಲಿ ಆಲ್ಜೀರಿಯಾಕ್ಕೆ ಹೋದ. ಮೊದಲು ಕಾನ್‌ಸ್ಟಂಟೈನ್, ಆಮೇಲೆ ಆಲ್ಜಿಯರ್ಸ್. ನಡುವೆ ಸೈನ್ಯದ ಸೇವೆಗೆ ಜರ್ಮನಿಗೆ ಹೋದದ್ದು ಬಿಟ್ಟರೆ 1932ರವರೆಗೂ ಅಲ್ಲೇ ಶಾಲೆಯಲ್ಲಿ ಪಾಠ. ಆಗ ಅದು ಫ್ರಾನ್ಸಿನ ಕೈಕೆಳಗಿದ್ದ ನಾಡು, ಪೂರ್ತಿ ಪರದೇಶ ಅನ್ನುವ ಹಾಗಿಲ್ಲ. ಆದರೆ ಆ ಸಮುದ್ರವನ್ನು ಆತ ದಕ್ಷಿಣದ ದಡದಿಂದ ನೋಡಿದ್ದು ಅಲ್ಲೇ. ಸಂಶೋಧನೆಗೆ ಹಿಡಿದಿದ್ದ ವಿಷಯ ಸ್ಪೇನಿನ ದೊರೆ ಎರಡನೇ ಫಿಲಿಪ್‌ನ ರಾಜತಂತ್ರ. ದೊರೆಗಿಂತ ಸಮುದ್ರವನ್ನೇ ಮುಂದೆ ಇಡಬಾರದೇ ಎಂದು ಹಿರಿಯ ಇತಿಹಾಸಕಾರ ಲೂಸಿಯೆನ್ ಫೆವ್ರ್ ಸೂಚಿಸಿದ. ಬರಬರುತ್ತಾ ದೊರೆ ಪಕ್ಕಕ್ಕೆ ಸರಿದ.

1935ರಲ್ಲಿ ನಮ್ಮ ಈ ಊರಿಗೆ ಬಂದ. ಸಾವೊ ಪಾಲೊ ವಿಶ್ವವಿದ್ಯಾಲಯ ಹುಟ್ಟಿ ಆಗ ಒಂದೇ ವರ್ಷ. ಕಲಿಸುವವರನ್ನು ಫ್ರಾನ್ಸ್, ಇಟಲಿ, ಜರ್ಮನಿಯಿಂದ ಕರೆಸುತ್ತಿದ್ದರು. ಮುಂದೆ ದೊಡ್ಡ ಮಾನವಶಾಸ್ತ್ರಜ್ಞನೆಂದು ಹೆಸರಾದ ಕ್ಲೋದ್ ಲೆವಿ-ಸ್ಟ್ರಾಸ್ ಕೂಡ ಅದೇ ವರ್ಷ ಬಂದಿಳಿದ. ಬ್ರೋದೆಲ್‌ಗೆ 32 ವರ್ಷ. ನೋಡಬೇಕಾದ ಕಡತಗಳೆಲ್ಲ ಸ್ಪೇನಿನಲ್ಲಿ, ಇಟಲಿಯಲ್ಲಿ, ಈಗಿನ ಕ್ರೊಯೇಷಿಯಾದ ಡುಬ್ರೊವ್‌ನಿಕ್‌ನಲ್ಲಿ. ನಿಮ್ಮದೇ ಕಷ್ಟ, ಅಲ್ವಾ?

ಆತನ ಉಪಾಯ ಕೇಳಿ. ಆಲ್ಜಿಯರ್ಸ್‌ನಲ್ಲಿದ್ದಾಗಲೇ ಅಮೆರಿಕದ ಒಬ್ಬ ಸಿನಿಮಾ ಕ್ಯಾಮೆರಾದವನಿಂದ ಹಳೇ ಕ್ಯಾಮೆರಾ ಕೊಂಡಿದ್ದ. ಅದನ್ನೇ ಕಾಗದಪತ್ರದ ಫೋಟೊ ತೆಗೆಯಲು ಹೊಂದಿಸಿಕೊಂಡ. ದಿನಕ್ಕೆ 2,000–3,000 ಫೋಟೊ! ಮಿಕ್ಕವರು ಪೆನ್ಸಿಲ್ ಹಿಡಿದು ಸಾಲುಸಾಲು ನಕಲು ಮಾಡುತ್ತಿದ್ದ ಕಾಲ ಅದು. ಇಲ್ಲಿನ ದೊಡ್ಡ ರಜೆ ಬರುವುದು ಯುರೋಪಿನ ಚಳಿಗಾಲಕ್ಕೆ. ಆಗ ಹೋಗಿ ಕಡತ ನೋಡುವುದು, ಫಿಲ್ಮಿನ ಸುರುಳಿ ಕಟ್ಟಿ ತರುವುದು, ಇಲ್ಲಿ ಪಾಠ ಮುಗಿಸಿ ಕೂತು ಓದುವುದು. ಆತನ ಜೊತೆ ಕಣ್ಣು ಕಿರಿದು ಮಾಡಿಕೊಂಡು ಓದಿದವಳು ಹೆಂಡತಿ ಪೋಲ್. ಪುಸ್ತಕದ ಮುಖಪುಟದಲ್ಲಿ ಅವಳ ಹೆಸರಿಲ್ಲ. ಈ ಕತೆ ಹೇಳುವಾಗ ಅವಳನ್ನು ಬಿಟ್ಟುಬಿಡುವವರೇ ಜಾಸ್ತಿ.

ನಿಮಗೆ ಫೋನೇ ಸಾಕು. ಆದರೆ ಪ್ರತಿ ಫೋಟೊಗೂ ಕಡತದ ನಂಬರು, ಪುಟದ ನಂಬರು ಅವತ್ತೇ ಬರೆದಿಡಿ. ನಾನು ಆಮೇಲೆ ನೋಡಿದರಾಯಿತು ಅಂತ ಬಿಟ್ಟೆ. ಇಲ್ಲಿಗೆ ಬಂದು ತೆರೆದರೆ ನಾಲ್ಕು ಸಾವಿರ ಹಳದಿ ಹಾಳೆ, ಯಾವುದು ಯಾವ ಕಟ್ಟಿನದು ಅಂತ ಆ ದೇವರಿಗೇ ಗೊತ್ತು. ಒಂದು ವರ್ಷ ಅದಕ್ಕೇ ಹೋಯಿತು.

ಬ್ರೋದೆಲ್ 1937ರಲ್ಲಿ ವಾಪಸ್ ಹೊರಟಾಗ ಅದೇ ಹಡಗಿನಲ್ಲಿ ಫೆವ್ರ್ ಸಿಕ್ಕಿದ. ಬ್ಯೂನಸ್ ಐರಿಸ್‌ನಲ್ಲಿ ಉಪನ್ಯಾಸ ಮುಗಿಸಿ ಬರುತ್ತಿದ್ದ. ಸುಮಾರು 20 ದಿನದ ಪ್ರಯಾಣ, ಮಾತೇ ಮಾತು. ಪ್ಯಾರಿಸ್‌ನಲ್ಲೇ ಇದ್ದಿದ್ದರೆ ಅಂಥ ದೊಡ್ಡ ಮನುಷ್ಯನ ಜೊತೆ ಇಷ್ಟು ಹೊತ್ತು ಕೂರುವುದು ಆಗುತ್ತಿತ್ತೇ? ಆಮೇಲೆ ಯುದ್ಧ, 1940ರಿಂದ ಐದು ವರ್ಷ ಜರ್ಮನಿಯಲ್ಲಿ ಸೆರೆ. ಶಾಲೆಯ ನೋಟ್‌ಬುಕ್ಕುಗಳಲ್ಲಿ ಬಹುಪಾಲು ನೆನಪಿನಿಂದಲೇ ಬರೆದು ಫೆವ್ರ್‌ಗೆ ಕಳಿಸಿದ. ಪುಸ್ತಕ 1949ರಲ್ಲಿ ಬಂತು. ನನಗೆ ಬುದ್ಧಿ ಬಂದದ್ದೇ ಬ್ರೆಜಿಲ್‌ನಲ್ಲಿ ಎಂದು ಕೊನೆಗಾಲದಲ್ಲಿ ಹೇಳುತ್ತಿದ್ದನಂತೆ.

ಹಾಗಂತ ಈ ಕತೆಯನ್ನು ಇಡಿಯಾಗಿ ನುಂಗಬೇಡಿ. ಬ್ರೋದೆಲ್ ಇಲ್ಲಿ ಪಾಠ ಹೇಳಿದ್ದು ಫ್ರೆಂಚಿನಲ್ಲಿ, ಕೇಳುವವರಿಗೆ ಅದು ಅರ್ಥವಾಗುತ್ತಿತ್ತು. ನಿಮಗೆ ಆ ಸುಖ ಇಲ್ಲ. ಇಂಗ್ಲಿಷ್ ನಂಬಿಕೊಂಡು ಬಂದರೆ ಕ್ಲಾಸೂ ನಡೆಯುವುದಿಲ್ಲ, ಕೆಳಗಿನ ಅಂಗಡಿಯಲ್ಲಿ ಹಾಲೂ ಸಿಗುವುದಿಲ್ಲ. ಹೊರಡುವ ಮುಂಚೆಯೇ ಆರು ತಿಂಗಳು ಪೋರ್ಚುಗೀಸ್ ಕಲಿಯಿರಿ. ಚಾವಿ, ಪಗಾರ, ಬಟಾಟೆ ನಮಗೆ ಆಗಲೇ ಗೊತ್ತು. ಆ ಧೈರ್ಯದ ಮೇಲೆಯೇ ನಾನು ಮೊದಲ ವಾರ ಬೇಕರಿಗೆ ಹೋಗಿ, ನಮ್ಮ ಪಾವ್ ಭಾಜಿಯ ಪಾವ್ ಇವರದೇ ತಾನೆ ಎಂದುಕೊಂಡು, ಗಟ್ಟಿಯಾಗಿ "ನಾಲ್ಕು ಪಾವ್" ಅಂದೆ. ಬ್ರೆಡ್ಡಿಗೆ ಮೂಗಿನಲ್ಲಿ ಹೇಳಬೇಕು, "ಪಾಂವ್". ಮೂಗು ಬಿಟ್ಟರೆ ಕೋಲು ಅಂತ ಅರ್ಥ. ಕೋಲು ಮಾತ್ರ ಅಲ್ಲ, ಬೀದಿಮಾತಿನಲ್ಲಿ ಇನ್ನೊಂದು ಅರ್ಥವೂ ಇದೆ, ಅದನ್ನು ಇಲ್ಲಿ ಬರೆಯಲಾರೆ. ಕ್ಯೂನಲ್ಲಿದ್ದ ಅಜ್ಜಿ ಕಣ್ಣೊರೆಸಿಕೊಂಡು ನಕ್ಕಳು. ಆಮೇಲೆ ಅಲ್ಲೇ ನಿಲ್ಲಿಸಿಕೊಂಡು, ನನ್ನ ಮೂಗು ಹಿಡಿದು ಹೇಳಿಕೊಟ್ಟಳು.

ಊಟದ ಬಗ್ಗೆ ಹೆದರಬೇಡಿ. ದಿನಾ ಅನ್ನ, ಹುರುಳಿಕಾಯಿ ಬೀಜದಂಥ ಕಾಳಿನ ಸಾರು. ಮಾಂಸ ತಿನ್ನದಿದ್ದರೆ ಎರಡೆರಡು ಸಲ ಕೇಳಿ, ಕಾಳಿನ ತಳದಲ್ಲಿ ಹಂದಿಯ ತುಂಡು ಇರುತ್ತದೆ. ತಟ್ಟೆಯನ್ನೇ ತೂಕಕ್ಕಿಟ್ಟು ದುಡ್ಡು ತೆಗೆದುಕೊಳ್ಳುವ ಹೋಟೆಲುಗಳಿವೆ, ಅಲ್ಲಿ ಬೇಕಾದ್ದು ಬಡಿಸಿಕೊಳ್ಳಬಹುದು. ವಾರಕ್ಕೊಮ್ಮೆ ಬೀದಿಯಲ್ಲೇ ಸಂತೆ. ಬೆಂಡೆಕಾಯಿ, ಮರಗೆಣಸು, ಸೀಮೆಬದನೆ, ಕಬ್ಬಿನ ಹಾಲು ಎಲ್ಲ ಉಂಟು. ಸೀಮೆಬದನೆಗೆ ಇಲ್ಲಿ ಶುಶು ಅನ್ನುತ್ತಾರೆ. ಸಾರಿನ ಪುಡಿ ಮಾತ್ರ ಊರಿನಿಂದಲೇ ಬರಬೇಕು.

ಬಂದಿಳಿದ ಮೇಲೆ 90 ದಿನದೊಳಗೆ ಫೆಡರಲ್ ಪೊಲೀಸರ ಹತ್ತಿರ ಹೆಸರು ಬರೆಸಬೇಕು. ಅದಕ್ಕೂ ಮುಂಚೆ ಸಿಪಿಎಫ್ ಅನ್ನುವ ತೆರಿಗೆ ನಂಬರು ಮಾಡಿಸಿ. ಔಷಧಿ ಅಂಗಡಿಯಲ್ಲಿ ತಲೆನೋವಿನ ಮಾತ್ರೆ ಕೊಂಡರೂ ಅದನ್ನೇ ಕೇಳುತ್ತಾರೆ. ಮತ್ತೆ, ಬ್ರೆಜಿಲ್ ಅಂದರೆ ಸೆಕೆ ಎಂದುಕೊಂಡು ಬರೀ ತೆಳು ಅಂಗಿ ತುಂಬಿಕೊಂಡು ಬರಬೇಡಿ. ಜೂನ್, ಜುಲೈ ಇಲ್ಲಿ ಚಳಿಗಾಲ, ಮನೆಗಳಲ್ಲಿ ಹೀಟರ್ ಇರುವುದಿಲ್ಲ. ಒಂದು ಒಳ್ಳೆ ಕಂಬಳಿ ಹಾಕಿಕೊಳ್ಳಿ. ಸೂಟ್‌ಕೇಸಿನಲ್ಲಿ ಜಾಗ ಮಿಕ್ಕರೆ ನನಗೊಂದು ಪೊಟ್ಟಣ ಶೇಂಗಾ ಚಟ್ನಿಪುಡಿ.