ನಾಡದೋಣಿಯ ಎಂಜಿನ್ ಸ್ಪೀಡ್ ಕೊಟ್ಟರೆ ನಿಲ್ಲುತ್ತದೆ, ಹೊಸ ಕಾರ್ಬ್ಯುರೇಟರ್ ಹಾಕಬೇಕಾ?
ಬೇಡ. ಗಾಳಿ ಮತ್ತು ಇಂಧನ ಬೆರೆಸುವ ಆ ಕಾರ್ಬ್ಯುರೇಟರನ್ನು ಸದ್ಯಕ್ಕೆ ಬಿಚ್ಚಲೂ ಬೇಡಿ. ನಿಧಾನಕ್ಕೆ ಹೋದರೆ ಸರಿ, ಪೂರ್ತಿ ಥ್ರಾಟಲ್ ಕೊಟ್ಟರೆ ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ ಅಂತ ಬರೆದಿದ್ದೀರಲ್ಲ, ನಮ್ಮ 9.9 ಎಚ್‌ಪಿ ಸೀಮೆಎಣ್ಣೆ ಔಟ್‌ಬೋರ್ಡ್ (ದೋಣಿಯ ಹೊರಗೆ ಕಟ್ಟುವ ಎಂಜಿನ್) ಮಾಡಿದ್ದೂ ಇದನ್ನೇ.

ನಮ್ಮದು ಗಂಗೊಳ್ಳಿ ಕಡೆ. ಜೂನ್ 1ರಿಂದ ಜುಲೈ 31ರವರೆಗೆ ದೊಡ್ಡ ಬೋಟ್‌ಗಳಿಗೆ ನಿಷೇಧ. 10 ಎಚ್‌ಪಿ ಒಳಗಿನ ನಾಡದೋಣಿಗೆ ಮಾತ್ರ ಅವಕಾಶ. ನಮಗೆ ನಾಲ್ಕು ಕಾಸು ಕಾಣುವುದು ಆಗಲೇ. ಅಂಥ ಹೊತ್ತಲ್ಲಿ ಹೊಳೆ ಸಮುದ್ರ ಸೇರುವ ಅಳಿವೆ ಹತ್ತಿರ ಎಂಜಿನ್ ನಿಂತಿತು. ಹುಟ್ಟು ಹಾಕಿ ವಾಪಸ್ ಬಂದೆವು. ದಡದಲ್ಲಿ ಎಲ್ಲರದ್ದೂ ಒಂದೇ ಮಾತು: ಕಾರ್ಬ್ಯುರೇಟರ್.

ನಾನು ಬಿಚ್ಚಿದೆ. ಎಣ್ಣೆ ಹಾಯುವ ಸಣ್ಣ ತೂತಿನ ಮೇನ್ ಜೆಟ್‌ನಲ್ಲಿ ಕಸ ಕಂಡ ಹಾಗಾಯಿತು. ಬ್ರೇಕ್ ಕೇಬಲ್‌ನ ಒಂದು ಎಳೆ ತೂರಿಸಿ ಚೆನ್ನಾಗಿ ಉಜ್ಜಿದೆ. ಕೆಟ್ಟದ್ದು ಇಲ್ಲೇ. ಜೆಟ್ ಮೆತ್ತಗಿನ ಹಿತ್ತಾಳೆಯದ್ದು, ತಂತಿ ಗಟ್ಟಿ ಉಕ್ಕಿನದ್ದು. ಎಷ್ಟು ಎಣ್ಣೆ ಹೋಗಬೇಕು ಅಂತ ಅಳತೆ ಮಾಡಿಯೇ ಆ ತೂತು ಕೊರೆದಿರುತ್ತಾರೆ. ಕೂದಲೆಳೆಯಷ್ಟು ಅಗಲವಾದರೂ ಗಾಳಿ, ಎಣ್ಣೆಯ ಲೆಕ್ಕ ತಪ್ಪುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲ. ಆದರೆ ಹೊಗೆ ಜಾಸ್ತಿಯಾಯಿತು, ಪ್ಲಗ್ ಕಪ್ಪಾಯಿತು, ಸೀಮೆಎಣ್ಣೆ ಸುಮ್ನೆ ಖಾಲಿಯಾಗತೊಡಗಿತು. ಸ್ಪೀಡ್ ಕೊಟ್ಟರೆ ನಿಲ್ಲುವುದು ಮಾತ್ರ ಹಾಗೇ ಉಳಿಯಿತು! ಹೊಸ ಜೆಟ್ ಬರುವಷ್ಟರಲ್ಲಿ ಮಳೆಗಾಲದ ಒಳ್ಳೆಯ ಮೀನಿನ ದಿನಗಳು ಕಳೆದುಹೋದವು.

ಹಳೇ ಮೆಕ್ಯಾನಿಕ್ ಒಬ್ಬರು ನೋಡಿ, "ಎಂಥಕ್ಕೆ ಬಿಚ್ಚಿದೆ ಮಾರಾಯ? ಮೊದಲು ಬಲ್ಬ್ ಒತ್ತಿ ನೋಡ್ಬೇಕಿತ್ತಲ್ಲ" ಅಂದರು. ಪೈಪಿನ ನಡುವೆ ಇರುವ ರಬ್ಬರ್ ಬಲ್ಬ್. ಎಂಜಿನ್ ಕುಗ್ಗುವಾಗ ಅದನ್ನು ಒತ್ತುತ್ತಾ ಹೋದರೆ ಮತ್ತೆ ಎತ್ತಿಕೊಂಡಿತು. ಅಂದರೆ ಎಣ್ಣೆ ಕಾರ್ಬ್ಯುರೇಟರ್ ತನಕ ಸಾಕಷ್ಟು ಬರುತ್ತಲೇ ಇರಲಿಲ್ಲ. ಪೈಪಿನ ತುದಿಯ ಕನೆಕ್ಟರ್‌ನಲ್ಲಿ ಓ-ರಿಂಗ್ (ಸಂದು ಮುಚ್ಚುವ ರಬ್ಬರ್ ಬಳೆ) ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ಪಂಪ್ ಎಳೆಯುವಾಗ ಅಲ್ಲಿಂದ ಗಾಳಿ ಒಳಗೆ ಹೋಗುತ್ತಿತ್ತು. ಗಾಳಿ ಒಳಗೆ ಹೋಗುವುದರಿಂದ ಹೊರಗೆ ಒಂದು ಹನಿಯೂ ಸೋರುವುದಿಲ್ಲ, ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ನಿಧಾನಕ್ಕೆ ಓಡುವಾಗ ಸ್ವಲ್ಪ ಎಣ್ಣೆ ಸಾಕು, ಅದಕ್ಕೇ ಆಗ ಏನೂ ತೊಂದರೆ ಇರಲಿಲ್ಲ.

ಹಾಗಾಗಿ ಕಾರ್ಬ್ಯುರೇಟರ್ ಹೋಗಿದೆ ಅನ್ನುವ ನಿಮ್ಮ ತೀರ್ಮಾನವನ್ನೇ ನಾನು ಒಪ್ಪುವುದಿಲ್ಲ. ಟ್ಯಾಂಕ್ ಮುಚ್ಚಳದ ಗಾಳಿ ಸ್ಕ್ರೂ ತೆರೆದಿದೆಯಾ ನೋಡಿ. ಫಿಲ್ಟರ್‌ನಲ್ಲಿ ನೀರು ನಿಂತಿದೆಯಾ ನೋಡಿ, ಬ್ಯಾರಲ್‌ನ ಸೀಮೆಎಣ್ಣೆಯಲ್ಲಿ ನೀರು ಇದ್ದೇ ಇರುತ್ತದೆ. ಆಮೇಲೆ ಬಲ್ಬ್ ಪರೀಕ್ಷೆ. ಅದನ್ನು ಹೊಳೆಯ ಒಳಗೇ ಮಾಡಿ, ಅಳಿವೆಯಲ್ಲಿ ಖಂಡಿತ ಬೇಡ. ನಿಮ್ಮದು ಆಯಿಲ್ ಬೆರೆಸಿ ಹಾಕುವ ಟೂ-ಸ್ಟ್ರೋಕ್ ಆಗಿದ್ದರೆ ಎಳೆದಾಡಿ ಓಡಿಸಲೇಬೇಡಿ. ಇಂಧನ ಕಮ್ಮಿಯಾದರೆ ಆಯಿಲ್ ಕೂಡ ಕಮ್ಮಿ, ಪಿಸ್ಟನ್ ಹಿಡಿದುಕೊಂಡೀತು.

ಬಲ್ಬ್ ಒತ್ತಿದರೂ ಬದಲಾಗದೆ, ಗಾಳಿ ಕಮ್ಮಿ ಮಾಡುವ ಚೋಕ್ ಎಳೆದರೆ ಮಾತ್ರ ಸುಧಾರಿಸಿದರೆ ಆಗ ಕಾರ್ಬ್ಯುರೇಟರ್ ಬಿಚ್ಚಿ. ಕ್ಲೀನರ್ ಸ್ಪ್ರೇ ಮತ್ತು ಗಾಳಿ ಸಾಕು, ತಂತಿ ಹತ್ತಿರವೂ ತರಬೇಡಿ. ಇನ್ನೊಂದು, ದಡಕ್ಕೆ ಬರುವಾಗ ಕೊನೆಯ ಕೆಲವು ನಿಮಿಷ ಸೀಮೆಎಣ್ಣೆಯಿಂದ, ಸ್ಟಾರ್ಟ್ ಮಾಡಲು ಬಳಸುವ ಪೆಟ್ರೋಲ್‌ಗೆ ತಿರುಗಿಸಿ ಆಮೇಲೆ ಎಂಜಿನ್ ನಿಲ್ಲಿಸಿ. ಕಾರ್ಬ್ಯುರೇಟರ್‌ನ ಬಟ್ಟಲಲ್ಲಿ ಸೀಮೆಎಣ್ಣೆ ಉಳಿದರೆ ಮರುದಿನ ತಣ್ಣಗಿನ ಎಂಜಿನ್ ಹತ್ತುವುದೇ ಕಷ್ಟ.